ಅಂಗುಳಕ್ಕೊಂದು ಕಿಟಕಿ

ಬಡಗಿಗೆ ಹಲ್ಲೆಂದರೆ ಮೂರನೆಯ ಕೈ ಇದ್ದ ಹಾಗೆ. ಏಣಿಯ ಮೇಲೆ ನಿಂತಾಗ ಮೊಳೆಗಳಿಗೆ ಅದೇ ಜಾಗ, ಪೆನ್ಸಿಲ್ಲಿಗೂ ಅದೇ. ದಾರ ತುಂಡಾಗಬೇಕಾದರೆ ಕತ್ತರಿ ಹುಡುಕಿದವನೇ ಅಲ್ಲ. "ಹೋದ್ಮೇಲೆ ಗೊತ್ತಾಗುತ್ತೆ ನಿಮಗೆ" ಎಂದು ಹೆಂಡತಿ ಅನ್ನುತ್ತಲೇ ಇದ್ದಳು. ಮೇಲಿನ ಸಾಲಿನ ಹಲ್ಲುಗಳು ಒಂದೊಂದಾಗಿ ಅಲುಗಾಡಿ, ಉಳಿದವನ್ನೂ ಡಾಕ್ಟರು ಕಿತ್ತು ಹಾಕಿದ ಮೇಲೆ ಗೊತ್ತಾಯಿತು. ಕೆಳಗಿನವು ಮಾತ್ರ ಉಳಿದವು, ಜೊತೆಯಿಲ್ಲದ ಬಾಗಿಲಿನಂತೆ.

ವಸಡಿನ ಗಾಯ ಒಣಗುವವರೆಗೂ ಊಟವೆಲ್ಲ ಮೆತ್ತಗಾಯಿತು. ಆಲೂಗಡ್ಡೆ ಕಿವುಚಿ ಬಂತು, ಬ್ರೆಡ್ಡು ಹಾಲಿನಲ್ಲಿ ನೆನೆದು ಬಂತು, ಸೇಬು ಬೆಂದು ಬಂತು. ತಿನ್ನುವಾಗ ತುಟಿಯ ಅಂಚಿನಿಂದ ಸೋರುತ್ತಿತ್ತು. ಒಂದು ದಿನ ಎದುರು ಕೂತಿದ್ದ ಮಗಳು ಒಂದು ಕ್ಷಣ ಮುಖ ಅತ್ತ ತಿರುಗಿಸಿದಳು. ಮಾರನೆಯ ದಿನದಿಂದ ತನ್ನ ಬಟ್ಟಲು ಹಿಡಿದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ, ಗೋಡೆಗೆ ಮುಖ ಮಾಡಿ ಕೂರತೊಡಗಿದ. ಆಚೆ ಕೋಣೆಯಲ್ಲಿದ್ದ ಊಟದ ಮೇಜು ಅವನೇ ಮಾಡಿದ್ದು. ಒಂದೇ ಒಂದು ಮೊಳೆ ಬಡಿಯದೆ, ಬರೀ ಕಚ್ಚು ಕೊಟ್ಟು ಕೂಡಿಸಿದ್ದು. ಅದರ ತಲೆಯ ಕಡೆಯ ಅವನ ಕುರ್ಚಿ ಖಾಲಿ ಬಿತ್ತು.

"ಹಲ್ಲು ಬರ್ಲಿ, ಬಂದು ಕೂರ್ತೀನಿ" ಎಂದ. ಹೆಂಡತಿ ಕುರ್ಚಿಯನ್ನು ಹಾಗೇ ಇರಲು ಬಿಟ್ಟಳು.

ಹಲ್ಲಿನ ಸೆಟ್ಟು ಬಂತು. ನೋಡಲು ಚೆಂದವಿತ್ತು, ಗುಲಾಬಿ ಬಣ್ಣದ ಹಲಗೆಗೆ ಅಂಟಿಸಿದ ಬಿಳಿ ಸಾಲು. ಆದರೆ ಮೇಜಿಗೆ ಹೋಗುವ ಮೊದಲು ಸ್ಟೂಲಿನ ಮೇಲೆಯೇ ಹಾಕಿಕೊಂಡು ಒಂದು ತುತ್ತು ತಿಂದವನೇ ತಟ್ಟೆ ದೂಡಿದ.

"ಏನೇ ಇದು, ಉಪ್ಪು ಹಾಕೋದು ಮರೆತ್ಯಾ?"

"ಹಾಕಿದ್ದೀನಲ್ರೀ."

"ಎಲ್ಲಿಗೆ ಹಾಕಿದ್ದೀಯ? ಒಲೆಗಾ?"

ಹೆಂಡತಿ ಅವನ ತಟ್ಟೆಯಿಂದಲೇ ಒಂದು ಚೂರು ತಿಂದು, ಅವನನ್ನು ಒಂದು ಸಲ ನೋಡಿ, ಎದ್ದು ಹೋದಳು. ವಾರವಿಡೀ ಇದೇ ಆಯಿತು, ಕುರ್ಚಿ ಖಾಲಿಯೇ ಉಳಿಯಿತು. ಬಿಸಿ ಗೊತ್ತಾಗುತ್ತಿರಲಿಲ್ಲ, ಹುಳಿ ಗೊತ್ತಾಗುತ್ತಿರಲಿಲ್ಲ. ಬಾಯೊಳಗೆ ಯಾರೋ ಸುಳ್ಳು ಚಾವಣಿ ಹೊಡೆದು ಹೋದಂತಿತ್ತು. ಜೊತೆಗೆ ವಸಡು ಉರಿಯುತ್ತಿತ್ತು. ಹಲ್ಲು ಕಚ್ಚಿ ಸಹಿಸೋಣವೆಂದರೆ ಆ ಹಲ್ಲಿನದೇ ಕಾಟ. ಬೀದಿಗೆ ಹೊರಟಾಗೆಲ್ಲ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಅಂಗಿ ಜೇಬಿಗೆ ಇಳಿಸುತ್ತಿದ್ದ.

ಹಾಗೆ ಜೇಬಿನಲ್ಲಿ ಹಲ್ಲಿಟ್ಟುಕೊಂಡೇ ಅವನು ದಿನಸಿ ಅಂಗಡಿಗೆ ಹೋಗಿದ್ದು. ಫ್ರಿಜ್ಜುಗಳ ಸಾಲಿನ ಕೊನೆಗೆ ಒಂದು ಪುಟ್ಟ ಮೇಜಿನ ಹಿಂದೆ ಟೋಪಿ ಹಾಕಿದ ಹುಡುಗಿ ನಿಂತಿದ್ದಳು. ಎದುರಿನ ತಟ್ಟೆಯಲ್ಲಿ ತಿಳಿ ಹಳದಿಯ ಚೌಕ ತುಂಡುಗಳು, ಒಂದೊಂದಕ್ಕೂ ಒಂದೊಂದು ಕಡ್ಡಿ.

"ತಗೊಳ್ಳಿ ತಾತ. ಐರ್ಲೆಂಡಿನ ಚೀಸು."

"ಮೆತ್ತಗಿದೆಯಾ?"

"ಇಲ್ಲ ತಾತ, ಗಟ್ಟಿ. ತುಂಬಾ ದಿನ ಮಾಗಿಸಿರ್ತಾರೆ. ಸ್ವಲ್ಪ ಚುರುಕು ಜಾಸ್ತಿ, ಮಕ್ಕಳು ಮುಖ ಕಿವುಚ್ತಾರೆ."

ಗಟ್ಟಿ ಎಂಬ ಮಾತಿಗೇ ಅವನ ಕೈ ಮುಂದೆ ಹೋಯಿತು. ತುಂಡನ್ನು ಬರಿ ವಸಡಿಗೆ ಕೊಟ್ಟ. ಅದು ಜಗ್ಗಲಿಲ್ಲ. ನಾಲಗೆಯಿಂದ ಅಂಗುಳಕ್ಕೆ ಒತ್ತಿ ಹಿಡಿದ. ಮೊದಲು ಉಪ್ಪು ಬಂತು. ಅದರ ಹಿಂದೆ ಹುಳಿ. ಆಮೇಲೆ ಎರಡರದೂ ಅಲ್ಲದ ಒಂದು ಚುರುಕು ಕೆನ್ನೆಯ ಒಳಗೋಡೆಗೆ ಹತ್ತಿ, ಕಿವಿಯ ಬುಡದವರೆಗೂ ಓಡಿತು. ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನಗಳಿಂದ ಮುಚ್ಚಿದ್ದ ಮನೆಗೆ ಗಾಳಿ ನುಗ್ಗಿದ ಹಾಗಾಯಿತು.

ಕಚ್ಚಬೇಕು ಅನ್ನಿಸಿತು. ಅದೇ ಆಗಲಿಲ್ಲ. ತುಂಡು ಬಾಯಲ್ಲಿ ಉರುಳಾಡಿತು, ಕರಗಲೊಲ್ಲದು, ಮುರಿಯಲೊಲ್ಲದು. ಹಿಂದೆ ಬುಟ್ಟಿ ಹಿಡಿದವರು ನಿಂತೇ ಇದ್ದರು.

"ಹೇಗಿದೆ ತಾತ?"

ಬಾಯಿ ತುಂಬಿಕೊಂಡಿದ್ದವನು ಬೆರಳು ಮಾಡಿ ತೋರಿಸಿದ. ಒಂದು ದೊಡ್ಡ ಗಡ್ಡೆ ಕೊಡು ಎಂದು.

ಮನೆಗೆ ಬಂದವನೇ ಹಲ್ಲು ಹಾಕಿಕೊಂಡು ಕಚ್ಚಿದ. ಚೀಸು ಚೆನ್ನಾಗಿಯೇ ಮುರಿಯಿತು, ಒಳಗೆಲ್ಲೋ ಸಣ್ಣ ಹರಳುಗಳು ಕರಕ್ ಎಂದವು. ರುಚಿ ಮಾತ್ರ ಇಲ್ಲ, ಮೇಣ ಅಗಿದಂತೆ. ಹಲ್ಲು ತೆಗೆದು ಚೀಪಿದ. ರುಚಿ ಬಂತು, ಮುರಿತ ಹೋಯಿತು. ಮತ್ತೆ ಹಾಕಿದ, ಮತ್ತೆ ತೆಗೆದ.

"ಏನಪ್ಪಾ ಅದು, ಒಳಗೆ ಹೊರಗೆ ಆಟ?" ಎಂದಳು ಮಗಳು.

"ನಿನಗೆ ನಗು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡಿದ್ದಾನೆ ಆ ಡಾಕ್ಟ್ರು!"

"ಅಭ್ಯಾಸ ಆಗುತ್ತಂತೆ. ಸ್ವಲ್ಪ ತಾಳ್ಮೆ ಇರ್ಲಿ."

"ತಾಳ್ಮೆ ನಿಮ್ಮಮ್ಮನ ಹತ್ರ ಕೇಳು. ನನ್ನ ಹತ್ರ ಇದ್ದಿದ್ದು ಖರ್ಚಾಯ್ತು."

ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಹಲ್ಲುಗಳಿರುವುದು ಅಂಚಿನಲ್ಲಿ. ಅವುಗಳಿಗೆ ಬೇಕಾದ್ದು ಒಂದು ಚೌಕಟ್ಟು ಅಷ್ಟೇ. ನಡುವೆ ಇಷ್ಟಗಲದ ಹಲಗೆ ಯಾಕೆ? ಅದು ಅಂಗುಳವನ್ನು ಪೂರ್ತಿ ಮುಚ್ಚಿತ್ತು, ರುಚಿ ಅಲ್ಲೇ ಸಿಕ್ಕಿಬಿದ್ದಿತ್ತು. ಜೀವನವಿಡೀ ಚೌಕಟ್ಟು ಮಾಡಿದ ಕೈ ಅವನದು. ನಡುವಿನ ಹಲಗೆ ತೆಗೆದರೆ ಚೌಕಟ್ಟು ಬೀಳುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದ ಸತ್ಯ.

ಹಿತ್ತಲಿನ ಕೆಲಸದ ಕೋಣೆಗೆ ಹೋಗಿ ಸಣ್ಣ ಗರಗಸ ತೆಗೆದ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಅಂಗುಳದ ಭಾಗದಲ್ಲಿ ಒಂದು ಕಿಟಕಿ ಕೊಯ್ದ. ಅಂಚನ್ನು ಅರದಿಂದ ಉಜ್ಜಿ, ಉಪ್ಪುಕಾಗದ ಹಾಕಿ ನುಣುಪು ಮಾಡಿ, ಬೆರಳಾಡಿಸಿ ನೋಡಿದ. ಒಂದು ಸಿಬಿರಿಲ್ಲ. ಬಿಸಿನೀರಿನಲ್ಲಿ ತೊಳೆದುಕೊಂಡು ನೇರ ಊಟದ ಮೇಜಿಗೆ ಬಂದು, ತಲೆಯ ಕಡೆಯ ಕುರ್ಚಿ ಎಳೆದು ಕೂತ.

ತಟ್ಟೆ ಇಡುತ್ತಿದ್ದ ಹೆಂಡತಿಯ ಕೈ ನಿಂತಿತು. "ಬಂದ್ರಾ?" ಎಂದಳು, ಊರಿಗೆ ಹೋಗಿದ್ದವರನ್ನು ಕೇಳುವಂತೆ.

"ಆ ಚೀಸು ಕೊಡು ಮೊದ್ಲು."

ಹಲ್ಲು ಹಾಕಿಕೊಂಡು ದಪ್ಪನೆಯ ತುಂಡೊಂದನ್ನು ಕಚ್ಚಿದ. ಕರಕ್ ಎಂದಿತು. ಕೂಡಲೇ ಉಪ್ಪು, ಹುಳಿ, ಆ ಚುರುಕು, ಎಲ್ಲ ಒಟ್ಟಿಗೆ ಬಂದವು. ಮುರಿತವೂ ಇತ್ತು, ರುಚಿಯೂ ಇತ್ತು. ಹೆಂಡತಿಯ ಕಡೆ ತಿರುಗಿ, ಗೆದ್ದ ಮುಖದಲ್ಲಿ, "ನಾನು ಹೇಳ್ಲಿಲ್ವಾ" ಎನ್ನಲು ಬಾಯಿ ತೆರೆದ.

ಮೇಲಿನ ಸಾಲು ಪೂರ್ತಿ ಕಳಚಿ ತಟ್ಟೆಗೆ ಬಿತ್ತು. ಕಚ್ಚಿದ ಚೀಸು ಅದರ ಹಲ್ಲಿಗೇ ಸಿಕ್ಕಿಕೊಂಡಿತ್ತು.

ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಹೆಂಡತಿ ನಗಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚಿತು. ಎತ್ತಿ ಒತ್ತಿದ, ನಿಲ್ಲಲಿಲ್ಲ. ಹೆಬ್ಬೆರಳು ಕೊಟ್ಟು ಒತ್ತಿದ, ಕೈ ತೆಗೆದೊಡನೆ ಬಿತ್ತು. ಎದ್ದು ಹೋಗಿ ಸ್ಟೂಲಿನ ಮೇಲೆ ಕೂತ.

ಹಲ್ಲಿನ ಡಾಕ್ಟರು ಸೆಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಯಜಮಾನ್ರೇ, ಇದನ್ನ ಯಾರು ಕುಯ್ದಿದ್ದು?"

"ನಾನೇ."

"ಕೆಲಸ ನೀಟಾಗಿದೆ. ಆದ್ರೆ ಹಿಡಿದಿಡ್ತಾ ಇದ್ದಿದ್ದೇ ಆ ಹಲಗೆ. ಅದಕ್ಕೂ ಅಂಗುಳಕ್ಕೂ ನಡುವೆ ಗಾಳಿ ಹೋಗಬಾರ್ದು. ಒದ್ದೆ ಗಾಜು ಎರಡು ಅಂಟ್ಕೊಳ್ಳಲ್ವಾ, ಹಾಗೆ. ನೀವು ಗಾಳಿಗೆ ದಾರಿ ಮಾಡಿಕೊಟ್ರಿ."

"ಮೊದ್ಲೇ ಹೇಳ್ಬೇಕಿತ್ತು ಡಾಕ್ಟ್ರೇ."

"ಹಲ್ಲಿಗೆ ಗರಗಸ ಹಾಕ್ಬೇಡಿ ಅಂತ ಹೇಳ್ಬೇಕು ಅಂತ ನನಗೆ ಹೊಳೀಲಿಲ್ಲ."

ಹೊಸ ಅಚ್ಚು ತೆಗೆಯಬೇಕು, ಕಾಯಬೇಕು. ದಾರಿಯುದ್ದಕ್ಕೂ ಬಡಗಿಗೆ ಗಾಳಿಯ ಮೇಲೆ ಸಿಟ್ಟು. ಮರದಲ್ಲಿ ಕಚ್ಚು ಸರಿಯಾಗಿ ಕೂತರೆ ಮುಗಿಯಿತು, ಅದಕ್ಕೆ ಕಾರಣ ಕಣ್ಣಿಗೆ ಕಾಣುತ್ತದೆ. ಕಾಣದ್ದೊಂದು ಹಿಡಿದುಕೊಂಡಿರುತ್ತದೆ ಎಂದರೆ ಯಾರಿಗೆ ತಾನೇ ಗೊತ್ತಾಗಬೇಕು?

ಮನೆಯೊಳಗೆ ಕಾಲಿಟ್ಟಾಗ ಊಟದ ಕೋಣೆಯಿಂದ ಪರಿಚಯದ ಸದ್ದು ಬಂತು. ಸರ್, ಸರ್. ಕೀಸುಳಿಯ ಸದ್ದು. ಮರ ಹೆರೆದು ನಯ ಮಾಡುವ ಅವನ ಅತಿ ಸಣ್ಣ ಕೀಸುಳಿಯನ್ನು ತಿಕ್ಕಿ ತೊಳೆದು, ಹೆಂಡತಿ ಮೇಜಿನ ಮೇಲೆ ಚೀಸಿನ ಗಡ್ಡೆಯ ಬೆನ್ನಿಗೆ ಎಳೆಯುತ್ತಿದ್ದಳು. ತುಂಡುಗಳು ಹರಿದು ಹರಿದು ಬರುತ್ತಿದ್ದವು.

"ಏಯ್! ಅಲಗು ಹಾಳಾಗುತ್ತೆ! ಯಾರು ಕೊಟ್ರು ನಿನಗೆ ಅದನ್ನ?"

"ನಾನೇ ತಗೊಂಡೆ. ನೀವು ಹಲ್ಲು ಕುಯ್ಯೋವಾಗ ಯಾರನ್ನ ಕೇಳಿದ್ರಿ?"

"ಹಾಗಲ್ಲ ಕಣೇ ಹಿಡಿಯೋದು. ಅಲಗು ಅಷ್ಟು ಆಳಕ್ಕೆ ಬಿಟ್ರೆ ಹರಿಯದೆ ಇನ್ನೇನು? ಇಲ್ಲಿ ಕೊಡು. ಸರಿ ಆಕಡೆ."

ನಿಂತೇ ಎಳೆದ. ಸರಿಹೋಗಲಿಲ್ಲ. ಕುರ್ಚಿ ಎಳೆದು ಕೂತು, ಅಲಗನ್ನು ಕೂದಲೆಳೆಯಷ್ಟು ಹಿಂದೆ ತಟ್ಟಿ, ಮತ್ತೆ ಎಳೆದ. ಈ ಸಲ ಸುರುಳಿ ಬಂತು. ಬೆಳಕು ಹಾಯುವಷ್ಟು ತೆಳುವಾದ, ಉದ್ದನೆಯ ಹಳದಿ ಸುರುಳಿ. ಬಾಯಿಗೆ ಹಾಕಿಕೊಂಡ. ನಾಲಗೆಯ ಮೇಲೆ ಕೂತದ್ದೇ ತಡ, ತಾನಾಗಿಯೇ ಬಿಚ್ಚಿಕೊಂಡಿತು.

"ಹೇಗಿದೆ?" ಎಂದಳು ಹೆಂಡತಿ.

"ರುಚಿಯಾಗಿದೆ" ಎಂದ, ಬೈಯುವ ದನಿಯಲ್ಲಿ. "ಆದ್ರೆ ಇದು ತಿನ್ನೋದಲ್ಲ, ನೆಕ್ಕೋದು."

ಹೆಂಡತಿ ಎದುರು ಕೂತು ಗಡ್ಡೆಯ ಮೂಲೆಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಕೆನ್ನೆಯೊಳಗೆ ಒಂದು ಹರಳು ಕರಕ್ ಎಂದಿತು. ಬಡಗಿಯ ಕೈ ಕೀಸುಳಿಯ ಮೇಲೆ ನಿಂತಿತು. ಅವಳ ದವಡೆಯನ್ನೇ ನೋಡಿದ.

"ಸ್ವಲ್ಪ ಮೆಲ್ಲಗೆ ಅಗಿ" ಎಂದ ಸಿಡುಕಿ.

ಅವಳು ಮೆಲ್ಲಗೆ ಅಗಿದಳು. ಅವನು ಮುಖ ಗಂಟು ಹಾಕಿಕೊಂಡು, ಅದೇ ಕುರ್ಚಿಯಲ್ಲಿ, ಇನ್ನೊಂದು ಸುರುಳಿ ಎಳೆದ.