ಬಿಳಿ ಸೂಪಿನ ವಿಚಾರಣೆ

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವರನ್ನು ಜೊತೆಯವರೆಲ್ಲ ಎಕ್ಸ್‌ರೇ ಎಂದೇ ಕರೆಯುತ್ತಿದ್ದರು. ಟಿಕೆಟ್ ನೋಡುವ ಮೊದಲು ಮುಖ ನೋಡುವುದು ಅವರ ಪದ್ಧತಿ. ಅನುಮಾನ ಬಂದರೆ ಒಂದೇ ಪ್ರಶ್ನೆಯನ್ನು ಒಂದೇ ಕುಟುಂಬದ ಮೂವರಿಗೆ ಬೇರೆ ಬೇರೆಯಾಗಿ ಕೇಳುವರು. ಉತ್ತರಗಳು ಬೇರೆಯಾದರೆ ಸುಳ್ಳು ಹೇಳುತ್ತಿದ್ದಾರೆಂದು ಅರ್ಥ. ಒಂದೇ ಆದರೆ ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆಂದು ಅರ್ಥ. ಇಂಥವರ ಕೈಯಿಂದ ಪಾರಾಗುವುದುಂಟೆ? ಟಿಕೆಟ್ ಇದ್ದವರೂ ಬೆವರುತ್ತಿದ್ದರು.

ನಿವೃತ್ತಿಯ ನಂತರ ಈ ವಿದ್ಯೆಯೆಲ್ಲ ಮನೆಗೆ ಬಂತು. ಅದಕ್ಕೊಂದು ಕಾರಣವಿತ್ತು, ಅದನ್ನು ಹೇಳದೆ ಸುಮ್ಮನೆ ಅವರನ್ನು ಆಡಿಕೊಂಡು ನಗುವುದು ತಪ್ಪು. ಹೆಂಡತಿಗೆ ನಡುವಯಸ್ಸಿನಲ್ಲಿ ಹಾಲು ಒಗ್ಗದಂತಾಗಿತ್ತು. ಹಾಲು, ಮೊಸರು, ಬೆಣ್ಣೆ, ಯಾವುದು ನಾಲಿಗೆಗೆ ತಾಗಿದರೂ ತುಟಿ ಊದಿ ಗಂಟಲು ಕಟ್ಟಿಬಿಡುತ್ತಿತ್ತು. ಒಮ್ಮೆ ಅವರ ಸ್ವಂತ ಅಕ್ಕನೇ, "ಒಂದು ಹನಿನೂ ಹಾಕಿಲ್ಲ ಕಣೋ, ನನ್ನಾಣೆ" ಎಂದು ಬಡಿಸಿದ್ದಳು. ಒಂದು ಚಮಚ ಬೆಣ್ಣೆಯಿಂದ ಏನು ಮಹಾ ಆಗುತ್ತದೆ ಎಂಬುದು ಆಕೆಯ ಲೆಕ್ಕ. ಊಟದ ನಡುವೆಯೇ ಹೆಂಡತಿ ಉಸಿರಿಗೆ ಒದ್ದಾಡಿದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ತಾವು ಕಾದು ನಿಂತದ್ದು, ಇದನ್ನೆಲ್ಲ ಅವರು ಮರೆಯಲಿಲ್ಲ. ಒಡಹುಟ್ಟಿದವಳೇ ಹೀಗೆ ಮಾಡಿದ ಮೇಲೆ ಇನ್ನು ಯಾರನ್ನು ನಂಬುವುದು? ಅಂದಿನಿಂದ ಹೊರಗಿನ ಊಟ ಬಂದ್ ಆಯಿತು. ಹೆಂಡತಿಯೇ ಬೇಯಿಸಬೇಕು, ಹೆಂಡತಿ ಅದನ್ನೇ ತಿನ್ನಬೇಕು.

"ಇನ್ನೊಬ್ರು ಮಾಡಿದ್ದನ್ನ ಕೂತು ತಿನ್ನೋ ಯೋಗ ನನಗಿಲ್ವಾ?" ಎಂದು ಆಕೆ ಆಗಾಗ ಕೇಳುತ್ತಿದ್ದಳು. ಕೊನೆಗೊಂದು ದಿನ, ಬೀದಿ ತಿರುವಿನ ವೀಗನ್ ಹೋಟೆಲಿಗೆ ಹೋಗಲೇಬೇಕೆಂದು ಪಟ್ಟು ಹಿಡಿದಳು. ಅಲ್ಲಿ ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಹೊಸಿಲು ದಾಟುವುದಿಲ್ಲವಂತೆ, ಜೇನುತುಪ್ಪ ಕೂಡ ಇಲ್ಲವಂತೆ.

"ಈ ಅಂತೆ ಕಂತೆ ಎಲ್ಲ ನನ್ನ ಹತ್ರ ಬೇಡ" ಎಂದರು ಎಕ್ಸ್‌ರೇ. ಆದರೂ ಹೊರಟರು. ಹೆಂಡತಿಗೆ ಉಸಿರು ಕಟ್ಟಿದರೆ ಚುಚ್ಚಲೆಂದು ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಜೇಬಿನಲ್ಲಿದೆಯೇ ಎಂದು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡರು.

ಚಿಕ್ಕ ಹೋಟೆಲು. ಒಂದಕ್ಕೊಂದು ಜೋಡಿಯಲ್ಲದ ಕುರ್ಚಿಗಳು, ಕಿಟಕಿಯಲ್ಲಿ ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ ಗಿಡಗಳು, ಅರ್ಧ ಬಾಗಿಲಿನ ಆಚೆ ಅಡುಗೆಮನೆ. ನೆಲ ಥಳಥಳ ಎನ್ನುತ್ತಿತ್ತು. ಇಷ್ಟೊಂದು ಚೊಕ್ಕಟವಾಗಿ ಇಟ್ಟುಕೊಳ್ಳುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಕಾಲಿಟ್ಟೊಡನೆ ಅನ್ನಿಸಿತು. ನೆಲ ಕೊಳಕಾಗಿದ್ದರೆ ಅದಕ್ಕೂ ಬೇರೊಂದು ಕಾರಣ ಹುಡುಕುತ್ತಿದ್ದರು, ಆ ಮಾತು ಬೇರೆ.

ಬ್ರೆಡ್ಡಿನ ಜೊತೆ ಅಣಬೆ ಸೂಪು ಬಂತು. ಬೆಳ್ಳಗೆ, ಗಟ್ಟಿಯಾಗಿ, ಮೇಲೆ ಕೆನೆಯಂಥದ್ದೇನೋ ತೇಲುತ್ತಿತ್ತು.

"ಮುಟ್ಟಬೇಡ" ಎಂದು ಹೆಂಡತಿಗೆ ಹೇಳಿ, ಸಪ್ಲಾಯರನ್ನು ಪಕ್ಕಕ್ಕೆ ಕರೆದರು. "ಈ ಬಿಳೀದು ಏನು?"

"ಗೇರುಬೀಜ ರುಬ್ಬಿದ್ದು ಸಾರ್."

ಗಲ್ಲಾದಲ್ಲಿದ್ದ ಹೆಂಗಸನ್ನು ಕೇಳಿದರು. ಗೇರುಬೀಜ. ಅರ್ಧ ಬಾಗಿಲು ತಳ್ಳಿಕೊಂಡು ಅಡುಗೆಮನೆಗೇ ನುಗ್ಗಿದರು. ಈರುಳ್ಳಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದ ಅಡುಗೆಯವನೂ ಗೇರುಬೀಜವೆಂದೇ ಹೇಳಿದ. ಮೂರು ಬಾಯಿ, ಒಂದೇ ಮಾತು! ಪಾಠ ಪಕ್ಕಾ ಆಗಿದೆ ಎಂದುಕೊಂಡರು. ಫ್ರಿಜ್ ತೆಗೆಸಿದರು, ಪಾತ್ರೆಗಳನ್ನು ಮೂಸಿದರು.

"ಬೇಕಾದ್ರೆ ಕಸದ ಬುಟ್ಟಿನೂ ನೋಡಿಬಿಡಿ ಸ್ವಾಮಿ" ಎಂದ ಅಡುಗೆಯವನು, ಚುಚ್ಚುವುದಕ್ಕೆಂದು.

ಅವರು ಅದನ್ನೂ ನೋಡಿದರು. ಈರುಳ್ಳಿ ಸಿಪ್ಪೆ, ಅಣಬೆ ತೊಟ್ಟು ಬಿಟ್ಟರೆ ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅವರನ್ನು ಇನ್ನಷ್ಟು ಕಂಗೆಡಿಸಿತು.

ತಿರುಗಿ ಬಂದು ನೋಡುತ್ತಾರೆ, ಹೆಂಡತಿಯ ಬಟ್ಟಲು ಅರ್ಧ ಖಾಲಿ.

"ಅಯ್ಯೋ, ಉಗುಳೇ! ಬಾಯಿ ತೆಗಿ!" ಇಂಜೆಕ್ಷನ್ ಆಗಲೇ ಅವರ ಕೈಗೆ ಬಂದಿತ್ತು. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ನೋಡಿದರು.

"ಏನೂ ಆಗಿಲ್ಲ ಕೂತ್ಕೊಳ್ರೀ. ನಿಮ್ಮದು ಆರಿ ಹೋಗ್ತಿದೆ."

ಗಲಾಟೆ ಕೇಳಿ ಸಪ್ಲಾಯರ್ ಓಡಿಬಂದ. "ಹೆದರ್ಬೇಡಿ ಸಾರ್. ಅಮ್ಮಾವ್ರ ಸೂಪಿಗೆ ಕಾಳುಮೆಣಸು ಕೂಡ ಹಾಕಿಲ್ಲ."

ಎಕ್ಸ್‌ರೇ ಥಟ್ಟನೆ ಅವನ ಕಡೆ ತಿರುಗಿದರು. ಕಾಳುಮೆಣಸು ತಿಂದರೆ ಹೆಂಡತಿಗೆ ಎದೆಯುರಿ ಬರುವುದು ನಿಜ. ಆದರೆ ಇಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

"ನಿನಗೆ ಹೇಗಪ್ಪಾ ಗೊತ್ತು?"

ಸಪ್ಲಾಯರ್ ಆಕೆಯ ಮುಖ ನೋಡಿದ. ಆಮೇಲೆ ಅವನಿಗೆ ಇನ್ನೊಂದು ಮೇಜಿನ ಕೆಲಸ ನೆನಪಾಯಿತು.

ಎಕ್ಸ್‌ರೇ ಕುಳಿತರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೆಂಡತಿಯ ಮುಖವನ್ನು ಪ್ರಯಾಣಿಕರ ಮುಖ ನೋಡುವ ಹಾಗೆ ನೋಡಿದರು. ಆಕೆ ಕಣ್ಣು ತಪ್ಪಿಸಲಿಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?"

"ಹೋಟ್ಲು ಶುರುವಾದಾಗಿಂದ. ಹೊಲಿಗೆ ಕ್ಲಾಸು ಅಂತ ಹೋಗ್ತಿದ್ನಲ್ಲ, ಇಲ್ಲಿಗೇ ಬರ್ತಿದ್ದೆ."

ಲೋಕದಲ್ಲಿ ಯಾರನ್ನೂ ನಂಬದ ಮನುಷ್ಯ ಆ ಹೊಲಿಗೆ ಕ್ಲಾಸನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಇಷ್ಟು ದಿನ ಕಲಿತರೂ ತಮ್ಮ ಅಂಗಿಗೆ ಒಂದು ಗುಂಡಿ ಬೀಳಲಿಲ್ಲವಲ್ಲ ಎಂದು ಕೂಡ ಕೇಳಿರಲಿಲ್ಲ.

"ಹಾಗಾದ್ರೆ ಇವತ್ತು ನನ್ನನ್ಯಾಕೆ ಕರ್ಕೊಂಡು ಬಂದೆ?"

"ಕದ್ದು ತಿಂದು ತಿಂದು ಸಾಕಾಯ್ತು ರೀ. ಚೆನ್ನಾಗಿದೆ ಅನ್ನೋಕೆ ಎದುರಿಗೆ ಒಬ್ರು ಬೇಡ್ವಾ?"

ಕೇಳಲು ಅವರ ಬಳಿ ಇನ್ನೂ ರಾಶಿ ಪ್ರಶ್ನೆಗಳಿದ್ದವು. ಆದರೆ ಒಂದೇ ಒಂದು ಹೊರಗೆ ಬಂತು. "ಅಕ್ಕನ ಮನೇಲಿ ಆದ ಹಾಗೆ ಇಲ್ಲೂ ಆಗಿಬಿಟ್ಟಿದ್ರೆ? ಒಬ್ಳೇ ಕೂತಿರ್ತಿದ್ದೆ. ಭಯ ಆಗ್ತಿರ್ಲಿಲ್ವೇನೇ?"

"ಆಗ್ತಿತ್ತು. ತುತ್ತು ತುತ್ತಿಗೂ ಬಾಗಿಲ ಕಡೆ ನೋಡ್ತಿದ್ದೆ."

"ಬಾಗಿಲ ಕಡೆ ಯಾಕೆ?"

"ನೀವೆಲ್ಲಿ ಬಂದುಬಿಡ್ತೀರೋ ಅಂತ."

ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ನಾಚಿಕೆಯಾಯಿತು. ಕೈಯಲ್ಲಿದ್ದ ಇಂಜೆಕ್ಷನನ್ನು ಜೇಬಿಗೆ ಹಾಕಿ, ಚಮಚ ತೆಗೆದುಕೊಂಡು, ಏನನ್ನೂ ಕೇಳದೆ ಆರಿದ ಸೂಪನ್ನು ಕುಡಿಯತೊಡಗಿದರು. ಆಕೆ ಬಾಗಿಲಿಗೆ ಬೆನ್ನು ಹಾಕಿ ಕುಳಿತು ಬ್ರೆಡ್ಡು ಮುರಿದಳು.