ಮಗಳ ಕಾರ್ಡಿನಲ್ಲಿ ಮೂರು ಕಿಲೋ ಕಡಿಮೆ

ನನ್ನ ಕೆಲಸ ಅಳೆಯುವುದು. ನಗೋಯಾದ ಹೊರವಲಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ವಾಪಸು ಕಳಿಸುತ್ತೇನೆ, ಕಳಿಸುವಾಗ ಎರಡು ಖಾರದ ಮಾತನ್ನೂ ಸೇರಿಸುತ್ತೇನೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುವುದುಂಟು. ತಪ್ಪು ಅಂಕಿ ಬರೆದವರನ್ನು ಕಂಡರೆ ಅದು ಇನ್ನೂ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಹೊರಟಿರುವುದು ನಾನೇ ಬರೆದ ಒಂದು ತಪ್ಪು ಅಂಕಿಯ ವಿಷಯ.

ಮಗಳು ಆರು ವರ್ಷದವಳಿದ್ದಾಗ ನಮ್ಮ ಬಡಾವಣೆಯ ಮಕ್ಕಳ ಚಿಯರ್‌ಲೀಡಿಂಗ್ ಕ್ಲಬ್ಬಿಗೆ ಸೇರಿದಳು. ಅವಳ ತರಗತಿಯ ಗೆಳತಿಯರೆಲ್ಲ ಹೋಗುತ್ತಿದ್ದರು. ಚಿಯರ್‌ಲೀಡಿಂಗ್ ಎಂದರೆ ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕುಣಿಯುವುದು ಎಂದುಕೊಂಡು ನಾನು ಮುಖ ಸಿಂಡರಿಸಿದ್ದೆ. ಹೋಗಿ ನೋಡಿದರೆ ಅದು ಬೇರೆಯೇ ಆಗಿತ್ತು. ನಾಲ್ಕು ಹುಡುಗಿಯರ ಒಂದು ಗುಂಪು. ಇಬ್ಬರು ಎದುರುಬದುರಾಗಿ ನಿಂತು ಅಂಗೈ ಜೋಡಿಸುತ್ತಾರೆ, ಅವರು ಬೇಸ್. ಹಿಂದೆ ಒಬ್ಬಳು ಕಾವಲಿಗೆ. ನಾಲ್ಕನೆಯವಳು ಆ ಅಂಗೈಗಳ ಮೇಲೆ ಕಾಲಿಟ್ಟು ಎದ್ದು ನಿಂತು, ಕೈ ಚಾಚಿ ನಗುತ್ತಾಳೆ. ಅವಳು ಟಾಪ್. ನಿಂತು ಮುಗಿದ ಮೇಲೆ ಅವಳನ್ನು ಸ್ವಲ್ಪ ಮೇಲಕ್ಕೆಸೆದು, ಮಗುವನ್ನು ಎತ್ತಿಕೊಂಡ ಹಾಗೆ ತೋಳುಗಳಲ್ಲಿ ಹಿಡಿಯುತ್ತಾರೆ.

ನನ್ನ ಮಗಳು ತರಗತಿಯಲ್ಲೇ ಎಲ್ಲರಿಗಿಂತ ಸಣ್ಣವಳು. ಎರಡನೇ ವರ್ಷಕ್ಕೇ ಟಾಪ್ ಆದಳು. ಅಲ್ಲಿಂದ ನನ್ನ ಜಂಬ ಶುರುವಾಯಿತು. ಅವಳು ಮೇಲೆ ನಿಂತ ಫೋಟೋ ತೆಗೆದು ಮೈಸೂರಿನ ಅಕ್ಕಂದಿರಿಗೆ, ಕಾಲೇಜಿನ ಗೆಳೆಯರಿಗೆ, ಇಲ್ಲಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಿದ್ದೆ. ಕಳಿಸುವ ಮೊದಲು ಕೆಳಗಿನ ಮೂವರನ್ನು ಕತ್ತರಿಸುತ್ತಿದ್ದೆ. ಬೇರೆಯವರ ಮಕ್ಕಳ ಮುಖ ಹಾಕಬಾರದಲ್ಲ, ಅದಕ್ಕೇ, ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಮೂವರ ಮುಖ ನನಗೆ ಕಣ್ಣಿಗೇ ಬಿದ್ದಿರಲಿಲ್ಲ.

ಆದರೆ ಬೆಳೆಯುವ ಮಕ್ಕಳು ಒಂದೇ ಜಾಗದಲ್ಲಿ ಉಳಿಯುವುದಿಲ್ಲ. ಎತ್ತರವಾದವರು, ಮೈಕೈ ತುಂಬಿಕೊಂಡವರು ಟಾಪ್ ಬಿಟ್ಟು ಬೇಸ್‌ಗೆ ಬರುತ್ತಾರೆ. ಈ ಕ್ಲಬ್ಬಿನಲ್ಲಿ ಅದಕ್ಕೊಂದು ಕ್ರಮವಿತ್ತು. ಐವತ್ತರ ಆಸುಪಾಸಿನ ಕೋಚ್ ಆ ಹುಡುಗಿಯನ್ನು ಮುಂದೆ ಕರೆದು, ಇವತ್ತಿನಿಂದ ಇವಳು ಬೇಸ್ ಎಂದು ಹೇಳಿ ಅವಳಿಗೆ ತಲೆಬಾಗುತ್ತಾರೆ. ಉಳಿದವರೆಲ್ಲ ಚಪ್ಪಾಳೆ ತಟ್ಟಿ ಅಭಿನಂದಿಸುತ್ತಾರೆ. ಇನ್ನೊಬ್ಬರ ಮಗುವನ್ನು ನಂಬಿ ಕೈಗೆ ಕೊಡುವಷ್ಟು ದೊಡ್ಡವಳಾದಳು ಎಂಬುದು ಅವರ ಲೆಕ್ಕ. ನನ್ನ ಕಣ್ಣಿಗೆ ಅದು ಹಿಂಬಡ್ತಿಗೆ ಹೊಡೆದ ಚಪ್ಪಾಳೆಯ ಹಾಗೆ ಕಾಣುತ್ತಿತ್ತು. ನನ್ನ ಮಗಳಿಗೆ ಆ ಗತಿ ಬರಬಾರದು ಎಂದುಕೊಂಡೆ.

ಅವಳಿಗೆ ಹತ್ತು ತುಂಬಿದ ವರ್ಷ ಇಲ್ಲಿನ ಆಗಸ್ಟಿನ ಬೇಸಿಗೆ ರಜೆಯಲ್ಲಿ ಐದು ವಾರ ಮೈಸೂರಿಗೆ ಹೋಗಿ ಬಂದೆವು. ಅವಳ ಅತ್ತೆಯಂದಿರು ಪ್ರೀತಿಯಿಂದ ತಿನ್ನಿಸಿದರು, ಮಗು ತಿಂದಿತು, ಬೆಳೆಯಿತು. ವಾಪಸು ಬಂದಾಗ ಸಮವಸ್ತ್ರದ ತೋಳು ಬಿಗಿಯಾಗಿತ್ತು.

ಆ ಕ್ಲಬ್ಬಿನಲ್ಲಿ ಮಕ್ಕಳನ್ನು ಎಲ್ಲರೆದುರು ತೂಕ ಮಾಡುವುದಿಲ್ಲ. ಹೆಣ್ಣುಮಕ್ಕಳಿಗೆ ಸಂಕೋಚವಾಗಬಾರದೆಂದು, ತಿಂಗಳ ಮೊದಲ ಶನಿವಾರಕ್ಕೆ ಮುಂಚೆ ತಂದೆತಾಯಿಯೇ ಮನೆಯಲ್ಲಿ ತೂಕ, ಎತ್ತರ ನೋಡಿ, ಚಿಕ್ಕ ಕಾರ್ಡಿನಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕು. ಅದನ್ನು ನೋಡಿ ಯಾರ ಮೇಲೆ ಯಾರು, ಯಾರ ಪಕ್ಕ ಯಾರು ಎಂದು ಕೋಚ್ ಗುಂಪು ಮಾಡುತ್ತಾರೆ. ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಕಾರ್ಖಾನೆಯಲ್ಲಾದರೆ ನನ್ನ ಅಂಕಿಯ ಮೇಲೆ ಇನ್ನಿಬ್ಬರ ಸಹಿ ಬೀಳಬೇಕು. ಇಲ್ಲಿ ಅಪ್ಪನ ಕೈಬರಹವೇ ಸಾಕಾಗಿತ್ತು.

ಸ್ನಾನದ ಮನೆಯ ಮುಂದೆ ತೂಕದ ಯಂತ್ರದ ಮೇಲೆ ನಿಂತು ಅವಳು ಕೂಗಿದಳು, "ಅಪ್ಪ, ಥರ್ಟಿಫೋರ್."

ನಾನು ಬಗ್ಗಿ ನೋಡಿದೆ. ಮೂವತ್ತನಾಲ್ಕೇ. ಅಡುಗೆಮನೆಯ ಮೇಜಿನ ಮೇಲೆ ಕಾರ್ಡಿಟ್ಟುಕೊಂಡು ಮೂವತ್ತೊಂದು ಎಂದು ಬರೆದೆ. ಎತ್ತರವನ್ನು ಸರಿಯಾಗಿಯೇ ಬರೆದೆ, ಅದು ಕಣ್ಣಿಗೆ ಕಾಣುತ್ತದಲ್ಲ. ಸುಳ್ಳಿನಲ್ಲೂ ಅಷ್ಟು ಅಚ್ಚುಕಟ್ಟು. ತಲೆ ಎತ್ತಿದರೆ ಮಗಳು ಪಕ್ಕದಲ್ಲೇ ನಿಂತು ಕಾರ್ಡನ್ನು ನೋಡುತ್ತಿದ್ದಳು.

"ಇದು ರಾಂಗ್ ಅಲ್ವಾ?" ಎಂದಳು.

"ಊರಿಂದ ಬಂದಿರೋ ತೂಕ ಅದು, ಎರಡು ವಾರಕ್ಕೆ ಇಳಿಯತ್ತೆ. ಆಮೇಲೆ ಸರಿಯಾಗತ್ತೆ ಬಿಡು."

"ಬಟ್ ಬೇಸ್ ಆದ್ರೆ ನಂಗೆ ಓಕೆ. ಎಲ್ಲಾ ಅಲ್ಲೇ ಇದಾರೆ."

"ಅದೆಲ್ಲ ನಿಂಗೆ ಬೇಡ," ಎಂದು ಲಕೋಟೆ ಅಂಟಿಸಿದೆ.

ಆ ತಿಂಗಳು ಊಟದ ಮೇಜಿನಲ್ಲಿ ನಾನು ಅವಳ ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಭಾನುವಾರ ಮೂರನೆಯ ದೋಸೆಗೆ ಕೈ ಹಾಕಿದವಳು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಒಂದು ಮಾತೂ ಆಡಿರಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಹಸಿದ ಮಗು ದೋಸೆ ಬಿಟ್ಟು ಎದ್ದು ಹೋದದ್ದನ್ನು ಕಂಡು ನನಗೆ ಸಮಾಧಾನವಾಯಿತು ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಮುಂದಿನ ತಿಂಗಳೂ ತೂಕ ಇಳಿಯಲಿಲ್ಲ. ನಾನು ಮತ್ತೆ ಮೂವತ್ತೊಂದೇ ಬರೆದೆ.

ಆ ಅಂಕಿಯನ್ನು ನಂಬಿ ಕೋಚ್ ಹೊಸ ಗುಂಪು ಮಾಡಿದರು. ಹಗುರವಾದ ಟಾಪ್‌ಗೆ ಹೊಸದಾಗಿ ಬೇಸ್ ಆದವರು ಸಾಕು ಎಂದು, ಆಗಷ್ಟೇ ಚಪ್ಪಾಳೆ ತಟ್ಟಿಸಿಕೊಂಡಿದ್ದ ಒಬ್ಬ ಹುಡುಗಿಯನ್ನು ನನ್ನ ಮಗಳ ಎಡಗಾಲಿನ ಕೆಳಗೆ ನಿಲ್ಲಿಸಿದರು. ತೆಳ್ಳನೆಯ, ಎರಡು ಜಡೆಯ, ಮಾತು ಕಡಿಮೆಯ ಮಗು. ಅಕ್ಟೋಬರಿನ ಒಂದು ಶನಿವಾರ ನಾನೂ ಗೋಡೆಗೊರಗಿ ಫೋನ್ ಹಿಡಿದು ಕುಳಿತಿದ್ದೆ. ಮಗಳು ಮೇಲೆ ಚೆನ್ನಾಗಿಯೇ ನಿಂತಳು. ಇಳಿಯುವಾಗ ಭಾರವೆಲ್ಲ ಎಡಕ್ಕೆ ಬಂತು. ಆ ಹುಡುಗಿಯ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿತು. ಅವಳು ಕಿರುಚಲಿಲ್ಲ. ಮಡಚಿದ ಕೈಯಲ್ಲೇ ನನ್ನ ಮಗಳನ್ನು ಎದೆಗವಚಿಕೊಂಡು ಕೂತುಬಿಟ್ಟಳು. ನನ್ನ ಮಗಳಿಗೆ ಒಂದು ಗೀರೂ ಆಗಲಿಲ್ಲ. ಆ ಹುಡುಗಿಯ ಮೂಳೆ ಬಿರುಕು ಬಿಟ್ಟಿತ್ತು, ನವೆಂಬರಿನ ಸ್ಪರ್ಧೆ ಅವಳ ಕೈತಪ್ಪಿ ಹೋಯಿತು.

ಮಾರನೆಯ ದಿನ, ಭಾನುವಾರ ಬೆಳಗ್ಗೆ, ನಾವು ಅವರ ಮನೆಗೆ ಹಣ್ಣು ತೆಗೆದುಕೊಂಡು ಹೋಗೋಣವೆಂದು ಹೆಂಡತಿ ಸಿದ್ಧವಾಗುತ್ತಿದ್ದಳು. ಅಷ್ಟರಲ್ಲಿ ನಮ್ಮ ಮನೆಯ ಕರೆಗಂಟೆಯೇ ಸದ್ದು ಮಾಡಿತು. ಬಾಗಿಲು ತೆಗೆದರೆ ಆ ಹುಡುಗಿ, ಅವಳ ತಾಯಿ. ತಾಯಿಯ ಕೈಯಲ್ಲಿ ಅಂಗಡಿಯ ಕಾಗದ ಸುತ್ತಿದ ಸಿಹಿಯ ಪೆಟ್ಟಿಗೆ. ಇಬ್ಬರೂ ಸೊಂಟದವರೆಗೆ ಬಾಗಿದರು.

"ನಮ್ಮ ಮಗಳು ಸರಿಯಾಗಿ ಹಿಡಿಯಲಿಲ್ಲ. ನಿಮ್ಮ ಮಗಳಿಗೆ ಭಯವಾಗಿರಬೇಕು. ನಿಜವಾಗಿಯೂ ತಪ್ಪಾಯಿತು," ಎಂದರು ತಾಯಿ.

ಬೇಸ್ ಆದವಳು ಟಾಪ್‌ನ ಕ್ಷೇಮಕ್ಕೆ ಹೊಣೆ ಎಂದು ಇಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಆ ಹುಡುಗಿ ಕುತ್ತಿಗೆಗೆ ತೂಗುಹಾಕಿದ ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ನೆಲ ನೋಡುತ್ತಾ ಅವಳೂ ಕ್ಷಮೆ ಕೇಳಿದಳು. ನನ್ನ ಹಿಂದೆ, ಒಳಬಾಗಿಲ ಹತ್ತಿರ, ನನ್ನ ಮಗಳು ನಿಂತಿದ್ದಳು. ಅವಳು ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಇದೇ ಸಮಯ ಎಂದು ನನಗೂ ಗೊತ್ತಿತ್ತು. ಬೇಕಾದ ಜಪಾನಿ ಮಾತೆಲ್ಲ ಬರುತ್ತಿತ್ತು.

"ಪರವಾಗಿಲ್ಲ, ಮಕ್ಕಳಲ್ಲವೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದೆ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಆ ಹುಡುಗಿಯ ತಲೆ ಕೂಡ ಸವರಿದೆ. ನಾನು ಅವರನ್ನು ಕ್ಷಮಿಸಿದೆ.

ಹೆಂಡತಿ ನಡೆದದ್ದೊಂದೂ ತಿಳಿಯದೆ, ಎಂಥ ಸಂಸ್ಕಾರದ ಜನ ನೋಡಿ ಎಂದು ಕಣ್ಣೊರೆಸಿಕೊಂಡಳು. ಪೆಟ್ಟಿಗೆಯಲ್ಲಿ ಚೆಸ್ಟ್‌ನಟ್ ತುಂಬಿದ ಸಿಹಿಗಳಿದ್ದವು, ಮಗಳಿಗೆ ಬಹಳ ಇಷ್ಟ. ಅವಳು ಮುಟ್ಟಲಿಲ್ಲ. ನಾನು ಕಾಫಿಯ ಜೊತೆ ಎರಡು ತಿಂದೆ.

ಮುಂದಿನ ಶನಿವಾರ ಅಭ್ಯಾಸ ಮುಗಿದ ಮೇಲೆ ಕೋಚ್ ನನ್ನನ್ನು ಚಪ್ಪಲಿ ಬಿಡುವ ಕಪಾಟಿನ ಹತ್ತಿರ ಕರೆದರು. ಅವರ ದನಿ ಎಂದಿನಂತೆ ಮೆಲ್ಲಗಿತ್ತು. "ನಿಮ್ಮ ಮಗಳು ನನ್ನ ಹತ್ತಿರ ಬಂದು ಎಲ್ಲ ಹೇಳಿದಳು. ಟಾಪ್ ಬಿಡಲು ಮನಸ್ಸಾಗದೆ, ನಿಮಗೆ ತೂಕವನ್ನು ಕಡಿಮೆ ಹೇಳಿ ಬರೆಸಿದಳಂತೆ. ನೀವು ಪಾಪ, ಅವಳ ಮಾತು ನಂಬಿ ಬರೆದಿದ್ದೀರಿ. ಹೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತೋ. ದಯವಿಟ್ಟು ಮನೆಯಲ್ಲಿ ಬೈಯಬೇಡಿ. ತನ್ನನ್ನು ಬೇಸ್ ಮಾಡಿ ಎಂದೂ ಕೇಳಿಕೊಂಡಳು."

ನಾನು ಜಿಮ್ಮಿನ ಒಳಕ್ಕೆ ನೋಡಿದೆ. ಮಗಳು ಒಬ್ಬಳೇ ನೆಲದ ಚಾಪೆಗಳನ್ನು ಸುತ್ತುತ್ತಿದ್ದಳು. ಉಳಿದ ಮಕ್ಕಳು ಇನ್ನೊಂದು ಮೂಲೆಯಲ್ಲಿದ್ದರು.

"ಬೈಯುವುದಿಲ್ಲ," ಎಂದು ಕೋಚ್‌ಗೆ ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಉದಾರಿ.

ಬೈದವಳು ಹೆಂಡತಿ. ಕೋಚ್ ಅವಳಿಗೂ ಸಂದೇಶ ಕಳಿಸಿದ್ದರು. ಸಂಜೆ ಅವಳು ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು, "ಸುಳ್ಳು ಹೇಳೋ ಬುದ್ಧಿ ಎಲ್ಲಿಂದ ಬಂತು ನಿಂಗೆ? ಆ ಹುಡುಗಿ ಕೈ ಮುರಿದುಕೊಂಡು ಬಂದು ನಮಗೆ ಸಾರಿ ಕೇಳ್ತು. ಕೇಳಿಸ್ಕೊಂಡು ಹೆಂಗೆ ನಿಂತಿದ್ದೆ ನೀನು?"

ಪ್ರತಿ ಮಾತೂ ನನಗೇ ಸಲ್ಲಬೇಕಾದದ್ದು. ಮಗಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ. "ಹೋಗ್ಲಿ ಬಿಡು, ಮಗು ಅಲ್ವಾ," ಎಂದೆ. ಹೀಗೆ ಒಂದೇ ವಾರದಲ್ಲಿ ಮೂರನೆಯ ಸಲ ದೊಡ್ಡ ಮನುಷ್ಯನಾದೆ.

ಮಾರನೆಯ ದಿನ ಅಂಗಡಿಯಿಂದ ಸಿಹಿಯ ಪೆಟ್ಟಿಗೆ ಕಟ್ಟಿಸಿಕೊಂಡು ನಾನೂ ಮಗಳೂ ಆ ಮನೆಗೆ ಹೋದೆವು. ಅವಳು ಕಲಿತುಕೊಂಡು ಬಂದವಳ ಹಾಗೆ ತಡವರಿಸದೆ ಕ್ಷಮೆ ಕೇಳಿದಳು. ನಾನು ಪಕ್ಕದಲ್ಲಿ ಅವಳಿಗಿಂತ ಆಳವಾಗಿ ಬಾಗಿದ್ದೆ. ಆ ಹುಡುಗಿ ಪರವಾಗಿಲ್ಲ ಎಂದಳು. ತಾಯಿಯೂ ಅಂದರು, ಆದರೆ ಹೇಳುವ ಮೊದಲು ಒಂದು ಕ್ಷಣ ನನ್ನ ಮಗಳ ಮುಖವನ್ನು ದಿಟ್ಟಿಸಿ ನೋಡಿದರು. ಹತ್ತು ವರ್ಷದ ಮಗುವನ್ನು ಯಾರೂ ಹಾಗೆ ನೋಡಬಾರದು. ನನ್ನ ಕಡೆ ತಿರುಗಿದಾಗ ಅವರ ಕಣ್ಣಿನಲ್ಲಿ ಅನುಕಂಪವಿತ್ತು.

ಮೆಟ್ಟಿಲಿಳಿದು ಪಾರ್ಕಿನ ಪಕ್ಕ ನಡೆದು ಬರುವಾಗ ಕೇಳಿದೆ, "ಯಾಕೆ ಪುಟ್ಟಿ ಹಂಗೆ ಹೇಳ್ದೆ?"

ಅವಳು ನಡೆಯುತ್ತಲೇ ಉತ್ತರಿಸಿದಳು. ದನಿಯಲ್ಲಿ ಕೋಪವಿರಲಿಲ್ಲ. "ನೀನು ಹೇಳಲ್ಲ ಅಂತ ಗೊತ್ತಿತ್ತು ಅಪ್ಪ. ಬಟ್ ಅವಳು ತನ್ನಿಂದ ಆಯ್ತು ಅಂತ ಅಂದ್ಕೊಂಡಿದ್ಲು."

"ನಾನು ಹೇಳ್ತೀನಿ. ಕೋಚ್‌ಗೂ ಹೇಳ್ತೀನಿ, ಅವರ ಅಮ್ಮಂಗೂ ಹೇಳ್ತೀನಿ."

"ಹೂಂ," ಎಂದಳು. ಚಿಕ್ಕ ಮಕ್ಕಳು ಏನಾದರೂ ಹೇಳಿದಾಗ ದೊಡ್ಡವರು ಅನ್ನುತ್ತೇವಲ್ಲ, ಹಾಗೆ.

ಎರಡು ವರ್ಷವಾಯಿತು. ಅವಳು ಈಗ ಕ್ಲಬ್ಬಿನ ಒಳ್ಳೆಯ ಬೇಸ್‌ಗಳಲ್ಲಿ ಒಬ್ಬಳು, ಭುಜ ಗಟ್ಟಿಯಾಗಿದೆ, ದೋಸೆ ಐದು ತಿನ್ನುತ್ತಾಳೆ. ಅವಳ ಕೈಯಿಂದ ಇದುವರೆಗೆ ಯಾರೂ ಬಿದ್ದಿಲ್ಲ. ಎರಡು ಜಡೆಯ ಹುಡುಗಿಯ ಜೊತೆ ಮಾತಿದೆ, ಆದರೆ ಆ ತಾಯಿ ಇನ್ನೂ ತಮ್ಮ ಮಗಳನ್ನು ನನ್ನ ಮಗಳ ಗುಂಪಿಗೆ ಹಾಕಲು ಒಪ್ಪಿಲ್ಲ. ಹೊಸ ಕಾರ್ಡ್ ಕೊಡುವ ದಿನ ಕೋಚ್ ನನ್ನ ಮಗಳನ್ನು ಮಾತ್ರ ಪಕ್ಕಕ್ಕೆ ಕರೆದು, ಅಂಕಿ ಸರಿಯಿದೆಯಲ್ಲ ಎಂದು ಮೆಲ್ಲಗೆ ಕೇಳುತ್ತಾರೆ. ಅವಳು ಪ್ರತಿ ತಿಂಗಳೂ ಹೌದು ಎಂದು ತಲೆಬಾಗುತ್ತಾಳೆ.

ಹೇಳುತ್ತೇನೆ ಎಂದದ್ದನ್ನು ಅವಳು ಮತ್ತೆ ನೆನಪಿಸಿಲ್ಲ. ಕೊನೆಗೂ ಎಲ್ಲವನ್ನೂ ಬರೆದಿದ್ದೇನೆ, ಒಂದು ಅಂಕಿಯನ್ನೂ ಬದಲಿಸದೆ. ಆದರೆ ಕನ್ನಡದಲ್ಲಿ ಬರೆದಿದ್ದೇನೆ. ಆ ತಾಯಿಗೆ, ಆ ಹುಡುಗಿಗೆ, ಕೋಚ್‌ಗೆ ಇದನ್ನು ಓದಲು ಬರುವುದಿಲ್ಲ. ನನ್ನ ಮಗಳಿಗೂ ಬರುವುದಿಲ್ಲ.