ಹಿಂದಿನ ಮನೆಗೆ ಸುತ್ತಿನ ದಾರಿ

ಇವತ್ತು ಬೆಳಿಗ್ಗೆ ಇಂದಿರಾನಗರದ ನನ್ನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನ ಯಾವುದೋ ಅಡುಗೆಮನೆಯಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ವಾಸನೆ ನೆನಪನ್ನು ತರುತ್ತದೆ ಎನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ವಾಸನೆ ತರುವುದು ಹಸಿವನ್ನು. ನೆನಪನ್ನು ಆಮೇಲೆ ನಾವೇ ಬಡಿಸಿಕೊಳ್ಳುತ್ತೇವೆ, ನಮಗೆ ಬೇಕಾದಷ್ಟು ಉಪ್ಪು ಖಾರ ಹಾಕಿಕೊಂಡು. ಆದ್ದರಿಂದ ಮುಂದೆ ಹೇಳುವುದನ್ನು ನೀವು ಸ್ವಲ್ಪ ಅನುಮಾನದಿಂದಲೇ ಕೇಳಿ. ನಾನೂ ಹಾಗೆಯೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಹೊರಮಾವಿನಲ್ಲಿ. ನಮ್ಮ ತಾತ ಅಲ್ಲಿ ರಾಗಿ ಬೆಳೆದರು, ಅಪ್ಪ ಅದೇ ನೆಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದರು. ಮುಂದೆ ನಮ್ಮ ಮನೆ, ಹಿಂದೆ ಹಿತ್ತಲಿನಲ್ಲಿ ಸಾಲಾಗಿ ನಾಲ್ಕು ಸಣ್ಣ ಮನೆಗಳು. ಎರಡರ ನಡುವೆ ಒಬ್ಬರು ನಡೆಯುವಷ್ಟು ಅಗಲದ ಸಂದಿ. ಅಲ್ಲೇ ನೀರಿನ ಸಂಪು, ಬಟ್ಟೆ ಒಗೆಯುವ ಕಲ್ಲು. ಹಿಂದಿನ ಮನೆಗಳಿಗೆ ಹಿಂದಿನ ರಸ್ತೆಯಿಂದ ಬೇರೆ ಗೇಟು ಇದೆ. ಆ ಜಾಗದಲ್ಲಿ ಮೊದಲು ದನದ ಕೊಟ್ಟಿಗೆಯಿತ್ತು. ದನಗಳು ಹೋಗಿ ಎಷ್ಟೋ ವರ್ಷವಾದರೂ ನಮ್ಮ ಅಜ್ಜಿಗೆ ಅದು ಕೊಟ್ಟಿಗೆಯೇ. "ಕೊಟ್ಟಿಗೆ ಕಡೆಯೋರು ಮೋಟ್ರು ಹಾಕ್ಬಿಟ್ಟವ್ರೆ ನೋಡು," ಎನ್ನುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಆ ಮನೆಗಳ ಹೊಸ್ತಿಲನ್ನು ಅವಳು ಒಂದು ದಿನವೂ ದಾಟಿದವಳಲ್ಲ.

ಅಲ್ಲಿ ಮೊದಲನೆಯ ಮನೆಯಲ್ಲಿ ಇದ್ದವರು, ಈಗಲೂ ಇರುವವರು, ಯಾದಗಿರಿ ಕಡೆಯ ಸಿದ್ದಣ್ಣ ಮತ್ತು ಶರಣಮ್ಮ. ಸಿದ್ದಣ್ಣ ಟೈಲ್ಸ್ ಹಾಕುವವರು. ಶರಣಮ್ಮ ಮನೆಯಲ್ಲೇ ರೊಟ್ಟಿ ಬಡಿದು ಹತ್ತಿರದ ಖಾನಾವಳಿಗೆ ಕೊಡುವವರು. ಅವರ ಮಗಳು ಭಾಗ್ಯ, ಓದಿ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದವಳು. ನನ್ನ ತಮ್ಮ ಮಂಜುಗೆ ಪದೇ ಪದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆನ್ನುವ ಆಸೆ ಯಾಕೆ ಹುಟ್ಟಿತು ಎನ್ನುವುದು ನಮಗೆ ತಡವಾಗಿ ತಿಳಿಯಿತು. ಮದುವೆಗೆ ಯಾರೂ ಅಡ್ಡ ಬರಲಿಲ್ಲ. ಒಂದಿಷ್ಟು ಮುನಿಸು, ಒಂದಿಷ್ಟು ಅಳು, ಆಮೇಲೆ ಛತ್ರ ಬುಕ್ಕಾಯಿತು. ಅಡ್ಡ ಬಂದದ್ದು ಮದುವೆಯ ನಂತರದ ಒಂದು ಊಟ.

ಮದುವೆಯಾದ ವಾರ ನಮ್ಮಲ್ಲಿ ಹೊಸ ಜೋಡಿಯನ್ನು ನೆಂಟರ ಮನೆಗಳಿಗೆಲ್ಲ ಕರೆದುಕೊಂಡು ಹೋಗುವ ಪದ್ಧತಿ. ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ತವರಿಗೆ ಬಂದಿದ್ದೆ. ಏಳು ಜನರ ಗಾಡಿ, ಮಂಜು ಸ್ಟಿಯರಿಂಗ್ ಹಿಡಿದವನು, ಪಕ್ಕದಲ್ಲಿ ಅಜ್ಜಿ, ಹಿಂದೆ ನಾವು. ಹೊಸಕೋಟೆಯ ಸೋದರಮಾವನ ಮನೆಯಲ್ಲಿ ನಾಟಿ ಕೋಳಿ ಸಾರು, ಕೆ.ಆರ್. ಪುರದ ದೊಡ್ಡಪ್ಪನ ಮನೆಯಲ್ಲಿ ಕಾಲುಸೂಪು ಮತ್ತು ಮುದ್ದೆ. ಭಾಗ್ಯಳ ಮನೆಯವರೂ ಮಾಂಸ ತಿನ್ನುವವರೇ. ಅವಳಿಗೆ ಗೊತ್ತಿರದಿದ್ದದ್ದು ಮುದ್ದೆ ಒಂದೇ. ಮೊದಲ ದಿನ ಅವಳು ಅದನ್ನು ಅಗಿಯಲು ಹೋಗಿ ಬಾಯಿ ಅಂಟಿಸಿಕೊಂಡು ಕೂತಿದ್ದಳು. "ನುಂಗಮ್ಮಿ, ಅಗೀಬೇಡ. ಅದೇನು ಬಬ್ಬಲ್ ಗಮ್ಮಾ?" ಎಂದು ಅಜ್ಜಿ ಎಲ್ಲರ ಮುಂದೆ ಹೇಳಿ, ಆಮೇಲೆ ತಾನೇ ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ತೋರಿಸಿದಳು.

ಹಲಸೂರಿನಲ್ಲಿರುವ ಸರೋಜತ್ತೆ, ಅಪ್ಪನ ತಂಗಿ. ಅವಳ ಮನೆಗೆ ಹೋದಾಗ ಪಕ್ಕದ ಮನೆಯ ತಮಿಳು ಅಜ್ಜಿ ಮದುಮಗಳನ್ನು ನೋಡಲು ಬಂದರು. ಗಲ್ಲ ಹಿಡಿದು, "ಪೊಣ್ಣು ಚೆನ್ನಾಗಿದೆ. ಯಾವ ಊರು?" ಎಂದು ಕೇಳಿದರು.

"ಯಾದಗಿರಿ ಕಡೆ," ಎಂದರು ಅಪ್ಪ, ತಕ್ಷಣ.

"ಊರು ಯಾದಗಿರಿ. ನಮ್ಮ ಮನಿ ಇವರ ಮನಿ ಹಿಂದೇ ಅದ ಅಜ್ಜಿ," ಎಂದಳು ಭಾಗ್ಯ. "ಮಾವನೋರ ಬಟ್ಟೆ ಒಣಗಿಸೋ ತಂತಿ ಅದ ನೋಡ್ರಿ, ಅದರ ಪಕ್ಕ."

ಸರೋಜತ್ತೆ ನಕ್ಕುಬಿಟ್ಟಳು. ಅಪ್ಪ ನಗಲಿಲ್ಲ. ಆ ವಾರ ಹೋದಲ್ಲೆಲ್ಲ ಇದೇ ಪ್ರಶ್ನೆ, ಅಪ್ಪನದು ಇದೇ ಉತ್ತರ. ಸುಳ್ಳಲ್ಲ, ನಿಜವೂ ಅಲ್ಲ. ಭಾಗ್ಯ ಮೊದಮೊದಲು ಪೂರ್ತಿ ಉತ್ತರ ಕೊಡುತ್ತಿದ್ದವಳು ನಾಲ್ಕನೆಯ ಮನೆಯ ಹೊತ್ತಿಗೆ ಸುಮ್ಮನಾದಳು. ಅದನ್ನು ನಾನು ಗಮನಿಸಿದೆನೋ, ಅಥವಾ ಈಗ ಬರೆಯುವಾಗ ಗಮನಿಸುತ್ತಿದ್ದೇನೋ, ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗುಂಟು, ಆದರೆ ಅದನ್ನು ತೆಗೆದು ನೋಡಿದರೆ ಆ ದಿನದ ಪುಟದಲ್ಲಿ 'ಕಾಲುಸೂಪಿಗೆ ಮೆಣಸು ಜಾಸ್ತಿ' ಎಂದಷ್ಟೇ ಇದೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳ ಅವಲೋಕನ ಇದು.

ಒಂದು ದಿನ ಕೋಲಾರದ ಅಂತರಗಂಗೆ ಬೆಟ್ಟಕ್ಕೂ ಹೋದೆವು. ಅಮ್ಮ ದೊಡ್ಡ ಡಬ್ಬಿಯ ತುಂಬ ಚಿತ್ರಾನ್ನ ಕಲಸಿದ್ದಳು. ಶರಣಮ್ಮ ಮಗಳ ಕೈಯಲ್ಲಿ ಒಂದು ಬಟ್ಟೆಯ ಗಂಟು ಕಳಿಸಿದ್ದರು: ಒಣಗಿಸಿ ಗರಿಗರಿಯಾದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ತುಂಬುಗಾಯಿ ಬದನೆ. ಮೆಟ್ಟಿಲು ಹತ್ತಿ ಸುಸ್ತಾಗಿ ಬಂಡೆಯ ಮೇಲೆ ಕೂತವರು ಮೊದಲು ಬಿಚ್ಚಿದ್ದು ಆ ಗಂಟನ್ನೇ. ಅಜ್ಜಿ ರೊಟ್ಟಿ ಮುರಿದು, ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತಳ್ಳಿಕೊಳ್ಳುತ್ತಾ ಎರಡು ತಿಂದಳು. ಚಿತ್ರಾನ್ನ ಹೋದಷ್ಟೇ ತೂಕದಲ್ಲಿ ಮನೆಗೆ ವಾಪಸು ಬಂತು. ಹಾಗಾಗಿ ಶರಣಮ್ಮನ ಅಡುಗೆಯ ಬಗ್ಗೆ ನಮ್ಮಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಆ ಹೊಸ್ತಿಲಿನದು.

ಬೀಗರ ಊಟ ಎರಡೂ ಕಡೆಯಿಂದ ಆಗಬೇಕು. ನಾವು ಅವರಿಗೆ ಹಾಕಿಸಿದ್ದು ಮದುವೆಯ ಮರುದಿನವೇ ಆಗಿತ್ತು. ಅವರು ನಮಗೆ ಹಾಕುವುದು ಉಳಿದಿತ್ತು.

ಭಾನುವಾರ ಸಂಜೆ ಮುಂದಿನ ಗೇಟಿನ ಸದ್ದಾಯಿತು. ನೋಡಿದರೆ ಶರಣಮ್ಮ, ಹಸಿರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು. ಹಿಂದೆ ಇಸ್ತ್ರಿ ಶರ್ಟಿನ ಸಿದ್ದಣ್ಣ. ಇಷ್ಟು ವರ್ಷ ಅವರು ಉಪ್ಪಿಗೋ, ಮೋಟರಿನ ಕೀಲಿಗೋ, ಸಂದಿಯಿಂದಲೇ ಬಂದು ಅಡುಗೆಮನೆಯ ಕಿಟಕಿಯಲ್ಲಿ ಮಾತಾಡಿ ಹೋಗುತ್ತಿದ್ದವರು. ಅಂದು ಹಿಂದಿನ ಗೇಟಿನಿಂದ ಹೊರಟು, ಇಡೀ ಬೀದಿ ಸುತ್ತಿ, ಬೇಕರಿಯ ಮುಂದೆ ಹಾದು, ನಮ್ಮ ಮುಂಬಾಗಿಲಿಗೆ ಬಂದಿದ್ದರು.

"ನಾಳೆ ಸ್ವಾಮಾರ ಎಲ್ಲಾರೂ ನಮ್ಮ ಮನಿಗೆ ಊಟಕ್ಕ ಬರ್ಬೇಕ್ರಿ," ಎಂದು ಅಮ್ಮನಿಗೆ ಕುಂಕುಮ ಕೊಟ್ಟರು. ಆಮೇಲೆ ಕುರ್ಚಿಯಲ್ಲಿದ್ದ ಅಜ್ಜಿಯ ಮುಂದೆ ನಿಂತು, "ನೀವೂ ಬರ್ಬೇಕ್ರಿ," ಎಂದರು.

ಅಜ್ಜಿ ಬಾಯಿ ತೆರೆಯುವ ಮೊದಲೇ ಅಪ್ಪ ಮಾತಾಡಿದರು. "ಅಯ್ಯೋ, ಅಷ್ಟು ಸಣ್ಣ ಜಾಗದಲ್ಲಿ ಯಾಕೆ ಒದ್ದಾಡ್ತೀರಾ? ನಮ್ಮ ಹಾಲ್‌ನಲ್ಲೇ ಮಾಡ್ಬಿಡಿ. ಪಾತ್ರೆ, ಗ್ಯಾಸ್ ಎಲ್ಲಾ ಇದೆ. ಇನ್ನೊಂದು ಮಾತು, ಇನ್ಮೇಲೆ ಬಾಡಿಗೆ ಗೀಡಿಗೆ ಏನೂ ಬೇಡ. ಸಂಬಂಧ ಆಗ್ಬಿಡ್ತಲ್ಲ."

ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಶರಣಮ್ಮನ ಮುಖ ಮಾತ್ರ ಬಿಗಿಯಾಯಿತು.

"ಬಾಡಿಗಿ ಬಿಡಬ್ಯಾಡ್ರಿ," ಎಂದರು. "ಬಾಡಿಗಿ ಕೊಡ್ತೀವಂತಲೇ ಅದು ನಮ್ಮ ಮನಿ. ಒಂದು ವಾರ ನನ್ನ ಮಗಳು ಎಷ್ಟು ಮನಿಗೆ ಹೋಗಿ ಉಂಡು ಬಂದಾಳ. ಆಕಿ ತವರುಮನಿಗೆ ಯಾರೂ ಬರಲಿಲ್ಲಂದ್ರ ಆಕಿಗೆ ತವರುಮನಿ ಐತಂತ ಯಾರರ ಹೆಂಗ ಅನ್ನಬೇಕು?"

ಅವರು ಹೋದ ಮೇಲೆ ನಾನು ಅಜ್ಜಿಯ ಹತ್ತಿರ ಕೂತು ಮನುಷ್ಯರೆಲ್ಲ ಸಮಾನರು ಎನ್ನುವ ವಿಷಯದ ಮೇಲೆ ಮಾತಾಡಿದೆ. ತರಗತಿಯಲ್ಲಿ ಮಾಡುವಷ್ಟೇ ಉದ್ದಕ್ಕೆ. ಅಜ್ಜಿ ಪೂರ್ತಿ ಕೇಳಿ, "ಆಯ್ತು ತಾಯಿ. ಒಲೆ ಮೇಲೆ ಹಾಲು ಉಕ್ತಾ ಐತೆ, ನೋಡು," ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಭಾಗ್ಯ ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿ ನಿಂತು ಕಿಟಕಿಯಿಂದ ಹಿಂದಿನ ಮನೆಯ ದೀಪ ನೋಡುತ್ತಿದ್ದಳು. "ಅಜ್ಜಿ ಬರಲಿಲ್ಲಂದ್ರ ನಮ್ಮವ್ವ ಇಲ್ಲಿ ಇರೂದಿಲ್ಲ ಅಕ್ಕ. ಬ್ಯಾರೆ ಕಡೆ ಮನಿ ನೋಡ್ತಾಳ," ಎಂದಳು.

ಸೋಮವಾರ ಬೆಳಿಗ್ಗೆ ಹಿತ್ತಲಿನಿಂದ ರೊಟ್ಟಿ ಬಡಿಯುವ ಸದ್ದು ಬೇಗನೇ ಶುರುವಾಯಿತು. ಅಪ್ಪ ಊಟದ ಹೊತ್ತಿಗೆ ಸಂದಿಯಿಂದ ಹೋಗಿ ಬಂದರಾಯಿತು ಎಂದು ಪಂಚೆಯಲ್ಲೇ ಓಡಾಡುತ್ತಿದ್ದರು. ಅಷ್ಟರಲ್ಲಿ ಅಜ್ಜಿ ಕೋಣೆಯಿಂದ ಬಂದಳು. ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆ, ಕೈಯಲ್ಲಿ ಕೋಲು.

"ಗಾಡಿ ತೆಗಿಯೋ ಮಂಜ," ಎಂದಳು.

"ಎಲ್ಲಿಗಜ್ಜಿ?"

"ಬೀಗರ ಮನೆಗೆ."

"ಅಜ್ಜಿ, ಅದು ಇಲ್ಲೇ ಹಿಂದುಗಡೆ..."

"ಎಲ್ಲೈತೆ ಅಂತ ನಂಗೊತ್ತು. ಅವಳು ಬೀದಿ ಸುತ್ಕೊಂಡು ಮುಂಬಾಗಿಲಿಗೆ ಬಂದು ಕರೆದವ್ಳೆ. ನಾವು ಸಂಪಿನ ಪಕ್ಕ ನುಸುಳ್ಕೊಂಡು ಹೋಗೋದಾ? ಬರಿಗೈಲಿ ಬೇರೆ? ಹಲಸೂರಿಗೆ ನಡಿ. ಹೂವು ಹಣ್ಣು ತಗೊಂಡು, ಸರೋಜನ್ನೂ ಕೂರಿಸ್ಕೊಂಡು ಬರಣ." ಆಮೇಲೆ ಅಪ್ಪನ ಕಡೆ ತಿರುಗಿ, "ನೀನು ಪ್ಯಾಂಟು ಹಾಕ್ಕೊಳ್ಳಪ್ಪ, ಬೀಗರ ಮುಂದೆ ಮಾನ ಕಳೀಬೇಡ," ಎಂದಳು.

ಈ ಮಾತು ಯಾರದು ಎನ್ನುವುದರ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಜಗಳವಿದೆ. ಗಾಡಿಯ ಯೋಚನೆ ತನ್ನದು ಎಂದು ಅಮ್ಮ ಹೇಳುತ್ತಾಳೆ. ತಾನೇ ಹೇಳಿದ್ದು ಎಂದು ಮಂಜು. ಪ್ಯಾಂಟಿನ ಮಾತು ಯಾರೂ ಆಡಲೇ ಇಲ್ಲ ಎಂದು ಅಪ್ಪ. ನಾನು ನೆನಪಿಟ್ಟಿರುವುದನ್ನು ನಿಮಗೆ ಹೇಳಿದ್ದೇನೆ. ಒಂದು ಒಳ್ಳೆಯ ಮಾತಿಗೆ ಇಷ್ಟು ಜನ ವಾರಸುದಾರರಿರುವುದು ನನಗೇನೂ ಬೇಸರವಲ್ಲ.

ಹೋಗುವುದೇನೋ ಸುಲಭವಾಗಿ ಹೋದೆವು. ಹಲಸೂರಿನ ಸೋಮೇಶ್ವರನ ಗುಡಿಯ ಹತ್ತಿರ ಹೂವು ಕೊಂಡೆವು, ಬಾಳೆಹಣ್ಣಿನ ಇಡೀ ಚಿಪ್ಪುಗಳು, ಒಂದು ಸೀರೆ. ಅತ್ತೆ ಹತ್ತಿದಳು. ವಾಪಸು ಬರುವಾಗ ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯ ಮುಂದೆ ಗಾಡಿಗಳೆಲ್ಲ ನೆಟ್ಟ ಕಂಬಗಳಂತೆ ನಿಂತಿದ್ದವು. ಕೆ.ಆರ್. ಪುರದ ತೂಗುಸೇತುವೆ ಎದುರಿಗೇ ಕಾಣುತ್ತಿದೆ, ಹತ್ತಿರ ಮಾತ್ರ ಬರುತ್ತಿಲ್ಲ. ಭಾಗ್ಯ ತಾಯಿಗೆ ಫೋನ್ ಮಾಡಿದಳು, ಮತ್ತೆ ಮಾಡಿದಳು. ಎತ್ತಲಿಲ್ಲ. ಬಿಸಿಲಿಗೆ ಮಲ್ಲಿಗೆ ಬಾಡುತ್ತಿತ್ತು. "ಅವ್ವ ನಾವು ಓಡಿಹೋದ್ವಿ ಅಂದ್ಕೊಂಡಿರ್ತಾಳ," ಎಂದಳು ಭಾಗ್ಯ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾವುದೋ ಬಸ್ಸಿನ ಡ್ರೈವರಿಗೆ, "ಸ್ವಲ್ಪ ಜಾಗ ಬಿಡಿ ಗುರು, ಬೀಗರು ಕಾಯ್ತಾ ಇದ್ದಾರೆ," ಎಂದು ಕೂಗಿದರು. ಆ ವಾರದಲ್ಲಿ ಅಪ್ಪನ ಬಾಯಿಂದ ಆ ಪದ ಬಂದದ್ದು ಅದೇ ಮೊದಲು.

ಅತ್ತ ಹಿಂದಿನ ಮನೆಯಲ್ಲಿ ಏನಾಯಿತೆಂದು ಶರಣಮ್ಮ ಆಮೇಲೆ ಹೇಳಿದರು. ಪಕ್ಕದ ಬಾಡಿಗೆಯವಳು ಬಂದು, "ನಿಮ್ಮ ಬೀಗರು ಬೀಗ ಹಾಕ್ಕೊಂಡು ಗಾಡ್ಯಾಗ ಹೋದ್ರು ನೋಡ್ರಿ," ಎಂದಳಂತೆ. ಕೈಯೆಲ್ಲ ಹಿಟ್ಟು, ಫೋನು ಒಳಗೆಲ್ಲೋ. "ಅಳು ಬಂತ್ರಿ. ಆದ್ರ ಇನ್ನೂ ಅರ್ಧ ಹಿಟ್ಟು ಉಳಿದಿತ್ತು. ಅದಕ್ಕ ರೊಟ್ಟಿನೇ ಬಡದೆ," ಎಂದರು.

ನಮ್ಮ ಗಾಡಿ ನಮ್ಮ ಮನೆಯ ಗೇಟನ್ನು ದಾಟಿ, ತಿರುವಿನಲ್ಲಿ ತಿರುಗಿ, ಹಿಂದಿನ ರಸ್ತೆಯಲ್ಲಿ ನಿಂತಿತು. ಮಂಜು ಹಾರ್ನ್ ಮಾಡಿದ. ಶರಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವರು ಗೇಟಿನಲ್ಲೇ ನಿಂತುಬಿಟ್ಟರು. ಕೆಳಗಿಳಿಯುತ್ತಿದ್ದ ಅಜ್ಜಿಯ ರೇಷ್ಮೆ ಸೀರೆ, ಅಪ್ಪನ ಕೈಯಲ್ಲಿ ಹಣ್ಣಿನ ಬುಟ್ಟಿ, ಹೂವು, ಒಂದೊಂದನ್ನೇ ನೋಡಿದರು. ಅಕ್ಕಪಕ್ಕದ ಬಾಡಿಗೆ ಮನೆಗಳವರೆಲ್ಲ ಹೊರಗೆ ಬಂದಿದ್ದರು. ಆಮೇಲೆ ಶರಣಮ್ಮ ಒಳಗೆ ಓಡಿಹೋಗಿ ಒಂದು ತಂಬಿಗೆ ನೀರು ತಂದರು.

"ಬರ್ರಿ ಬೀಗರ," ಎಂದರು. "ದಾರಿ ದೂರ ಆತೇನ್ರಿ?"

"ದೂರಾನೇ ಕಣವ್ವ," ಎಂದಳು ಅಜ್ಜಿ, ಕಾಲಿಗೆ ನೀರು ಹಾಕಿಕೊಳ್ಳುತ್ತಾ. "ಬರಕ್ಕೆ ಬಾಳ ವರ್ಸ ಆಯ್ತು."

ಹಾಗೆ ಅಂದಳು ಎಂದು ನನ್ನ ನೆನಪು. ಅಜ್ಜಿ ಅಂದದ್ದು "ಟ್ರಾಫಿಕ್ಕು" ಎಂದಷ್ಟೇ ಎನ್ನುತ್ತಾನೆ ಮಂಜು. ಅಜ್ಜಿಯನ್ನೇ ಕೇಳಿದೆ. "ಏನೋ ಅಂದೆ. ಹೊಟ್ಟೆ ಹಸ್ದಿತ್ತು," ಎಂದಳು. ಆದ್ದರಿಂದ ಆ ಮಾತಿಗೆ ನಾನು ಹೊಣೆಯಲ್ಲ. ಹೊಸ್ತಿಲಿಗೆ ಹೊಣೆ ನಾನು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು, ಬಲಗಾಲು ಮುಂದಿಟ್ಟು ಒಳಗೆ ಹೋದಳು, ಅಪರಿಚಿತರ ಮನೆಗೆ ಹೋಗುವವರ ಹಾಗೆ, ಸ್ವಲ್ಪ ಸಂಕೋಚದಿಂದ. ನಮ್ಮ ಕಾಂಪೌಂಡಿನೊಳಗೇ ಅವಳು ನೆಂಟಳಾದದ್ದನ್ನು ನಾನು ಹಿಂದೆ ನಿಂತು ಕಣ್ಣಾರೆ ನೋಡಿದೆ. ಸೋಮವಾರವಾದ್ದರಿಂದ ಮಾಂಸವಿರಲಿಲ್ಲ. ಪುಂಡಿ ಪಲ್ಯ, ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ. ಆ ಕೋಣೆಯಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರ ತಟ್ಟೆಗೆ ತಾಗುತ್ತಿತ್ತು. ಶರಣಮ್ಮ ಬಲವಂತ ಮಾಡುತ್ತಾ ಬಡಿಸಿದರು. ಅಪ್ಪ ಬೇಡ ಬೇಡ ಎನ್ನುತ್ತಲೇ ಐದನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಭಾಗ್ಯ ಗೋಡೆಗೆ ಒರಗಿ ಕೂತು ತವರಿಗೆ ಬಂದ ಮಗಳಂತೆ ಯಾವ ಕೆಲಸವನ್ನೂ ಮಾಡದೆ ಉಂಡಳು.

ಅವತ್ತಿನ ದಿನಚರಿಯಲ್ಲಿ ನಾನು ಏನೂ ಬರೆದಿಲ್ಲ. ಹೊಟ್ಟೆ ಭಾರವಾಗಿ ನಿದ್ದೆ ಬಂದಿರಬೇಕು.

ಬಟ್ಟೆ ಹರವಿ ಮುಗಿಸುವ ಹೊತ್ತಿಗೆ ಕೆಳಗಿನ ಮನೆಯ ರೊಟ್ಟಿಯೂ ಮುಗಿದಿತ್ತು. ನಾನು ಇದನ್ನು ಬರೆಯಲು ಕೂತದ್ದು ನೆನಪಿನ ಮೇಲೆ ಭರವಸೆಯಿಟ್ಟಲ್ಲ, ಕಳೆದ ಭಾನುವಾರ ಕೇಳಿದ ಒಂದು ಮಾತಿನ ಮೇಲೆ. ತವರಿಗೆ ಹೋಗಿದ್ದೆ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಮನೆ ಹುಡುಕಿಕೊಡುವ ಬ್ರೋಕರ್ ಒಬ್ಬ ಬೈಕ್ ನಿಲ್ಲಿಸಿ, "ಸಾರ್, ಹಿಂದಗಡೆ ಮೊದಲನೇ ಮನೆ ನಿಮ್ದೇ ಅಲ್ವಾ? ಖಾಲಿ ಆಗೋದಿದ್ರೆ ಹೇಳಿ, ಒಳ್ಳೆ ಪಾರ್ಟಿ ಇದೆ," ಎಂದ.

ಅಪ್ಪ ಪೇಪರ್ ಮಡಚಿದರು. "ಅದು ನಮ್ಮ ಬೀಗರ ಮನೆ," ಎಂದರು. "ಖಾಲಿ ಗೀಲಿ ಎಲ್ಲ ಅವರನ್ನೇ ಕೇಳ್ಬೇಕು."

ಅವನು ಸಂದಿಯ ಕಡೆ ಹೆಜ್ಜೆ ಹಾಕಿದ. "ಹೋಗಿ ಕೇಳ್ಲಾ ಸಾರ್, ಇಲ್ಲಿಂದಾನೇ?"

"ಇಲ್ಲಿಂದ ಬೇಡ," ಎಂದರು ಅಪ್ಪ. ಎದ್ದು ನಿಂತು, ಕೈ ಚಾಚಿ ಬೀದಿಯ ಕೊನೆಯನ್ನು ತೋರಿಸಿದರು. "ಬೇಕರಿ ಹತ್ರ ಎಡಕ್ಕೆ ಹೋಗಿ, ಮತ್ತೆ ಎಡಕ್ಕೆ. ಅವರ ಗೇಟು ಆ ಕಡೆ ಇದೆ."